ಸೀಟು ಇಳಿಸಿದ ಸೈಕಲ್ಲು

ನಮಸ್ಕಾರ. ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಮರೆಯುವ ಮನಸ್ಸೂ ಇಲ್ಲ.

ಆಮ್‌ಸ್ಟರ್‌ಡ್ಯಾಮ್‌ನ ಇಬ್ಬರು ಗೆಳತಿಯರು, ಮಿರಿಯಂ ಮತ್ತು ಎಲ್ಸ್. 1943ರ ವಸಂತದಲ್ಲಿ ಅಟ್ಟದ ಮೇಲೆ ಅಡಗಿದ್ದ ಯಹೂದಿ ಹುಡುಗಿ ಮಿರಿಯಂಳನ್ನು ಎಲ್ಸ್ ಊರನ್ನು ಆಕ್ರಮಿಸಿಕೊಂಡಿದ್ದ ಜರ್ಮನ್ ನಾಜಿಗಳಿಗೆ ಹಿಡಿದುಕೊಡುತ್ತಾಳೆ. ಯಾಕೆ? 'ಅವಳ ಮನಸ್ಸು ವಿಷವಾಗಿತ್ತು' ಅಂತ ಬರೆದು ಕೈತೊಳೆದುಕೊಂಡಿದ್ದೀರಿ. ಹತ್ತು ಪುಟ ಜೊತೆಯಲ್ಲೇ ಜಡೆ ಹೆಣೆದುಕೊಂಡವಳು ಹನ್ನೊಂದನೇ ಪುಟಕ್ಕೆ ಸುಮ್ನೆ ರಾಕ್ಷಸಿ ಆಗಿಬಿಡುವುದಿಲ್ಲ, ಅಲ್ವಾ?

ಆ ವರ್ಷ ಅಡಗಿದವರನ್ನು ಹುಡುಕಿಕೊಡಲೆಂದೇ ಅಲ್ಲಿ ಡಚ್ಚರದೇ ಒಂದು ತಂಡವಿತ್ತು. ತಲೆಗೆ 7.50 ಗಿಲ್ಡರ್ ಇನಾಮು. ಆದರೆ ನಿಮಗೆ ಆ ದುಡ್ಡೂ ಬೇಕಿಲ್ಲ. ಅದಕ್ಕಿಂತ ಒಳ್ಳೆಯದು ನಾಲ್ಕನೇ ಪುಟದಲ್ಲಿದೆ.

ಮಿರಿಯಂ ತನ್ನ ಸೈಕಲ್ಲನ್ನು ಎಲ್ಸ್ ಮನೆಯಲ್ಲಿ ಬಿಡುತ್ತಾಳೆ. ವಾರ ಕಳೆದ ಮೇಲೆ ಎಲ್ಸ್ ಸ್ಪ್ಯಾನರ್ ತಂದು ಸೀಟನ್ನು ತನ್ನ ಎತ್ತರಕ್ಕೆ ಇಳಿಸಿಕೊಳ್ಳುತ್ತಾಳೆ. ಎರಡೇ ಸಾಲು. ಓದಿ ಹಾಳೆ ಕೆಳಗಿಟ್ಟೆ. ದ್ರೋಹ ಅಲ್ಲೇ ಶುರುವಾಗಿದೆ, ನೀವು ಮಾತ್ರ ನೋಡದೆ ಮುಂದೆ ಹೋಗಿದ್ದೀರಿ.

ಯಹೂದಿಗಳ ಸಾಮಾನನ್ನು ಜೋಪಾನ ಮಾಡುತ್ತೇವೆಂದು ಇಟ್ಟುಕೊಂಡವರಿಗೆ ಡಚ್ಚರು 'ಬೆವಾರಿಯರ್ಸ್' ಅನ್ನುತ್ತಿದ್ದರು. 'ಕಾಪಾಡು' ಅನ್ನುವ ಮಾತಿಗೆ, ಯಹೂದಿಯಲ್ಲದವರಿಗೆ ನಾಜಿಗಳು ಬಳಸುತ್ತಿದ್ದ 'ಆರ್ಯ' ಬೆಸೆದ ಕುಹಕ. (ನನಗೆ ನಮ್ಮ 'ಬೇವಾರ್ಸಿ' ನೆನಪಾಯಿತು. ಸಂಬಂಧ ಏನೂ ಇಲ್ಲ.) ಯುದ್ಧ ಮುಗಿದ ಮೇಲೆ ಎಷ್ಟೋ ಜನ ಆ ಸಾಮಾನು ವಾಪಸ್ ಕೊಡಲಿಲ್ಲ. ಮಿರಿಯಂ ಬದುಕಿ ಬಂದರೆ ಸೈಕಲ್, ಹೊದಿಕೆ, ಬೆಳ್ಳಿ ಚಮಚ ಎಲ್ಲ ಕೊಡಬೇಕು. ಬಾರದಿದ್ದರೆ? ಈ ಯೋಚನೆ ಎಲ್ಸ್‌ಗೆ ಒಂದು ರಾತ್ರಿ ಬರಲಿ. ನಾಚಿಕೆಯಾಗಲಿ. ಮತ್ತೆ ಬರಲಿ.

ಇನ್ನು ತಪ್ಪುಗಳು. 1942ರ ಆಗಸ್ಟ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಮಿರಿಯಂ ಸೈಕಲ್ ಹೊಡೆಯುತ್ತಾ ಬರುತ್ತಾಳೆ. ಅಷ್ಟರಲ್ಲಿ ಯಹೂದಿಗಳು ಸೈಕಲ್ ಒಪ್ಪಿಸಬೇಕೆಂಬ ಆಜ್ಞೆ ಬಂದಾಗಿತ್ತು, ರಾತ್ರಿ ಎಂಟರ ಮೇಲೆ ಮನೆಯಿಂದ ಹೊರಬರುವಂತಿರಲಿಲ್ಲ. ಆ ಆಜ್ಞೆಯನ್ನೇ ಬಳಸಿಕೊಳ್ಳಿ, ಸೈಕಲ್ ಎಲ್ಸ್ ಮನೆ ಸೇರಲು ಕಾರಣ ಸಿಕ್ಕಿತು. ಆ ಹೊತ್ತಿಗೆ ಇಬ್ಬರೂ ಒಂದೇ ತರಗತಿಯಲ್ಲಿ ಇರಲೂ ಸಾಧ್ಯವಿಲ್ಲ. 1941ರ ಬೇಸಿಗೆ ರಜೆಯ ನಂತರ ಯಹೂದಿ ಮಕ್ಕಳಿಗೆ ಬೇರೆ ಶಾಲೆ.

ಕೊನೆಯಲ್ಲಿ ಎಲ್ಸ್ ಗೆಳತಿಯ ಸಮಾಧಿಯ ಮುಂದೆ ಅಳುತ್ತಾಳೆ. ಯಾವ ಸಮಾಧಿ? 1943ರ ಮಾರ್ಚ್‌ನಿಂದ ಜುಲೈವರೆಗೆ ವೆಸ್ಟರ್‌ಬೋರ್ಕ್ ಶಿಬಿರದಿಂದ ಪೋಲೆಂಡಿನ ಸೊಬಿಬೋರ್ ಎಂಬ ನಾಜಿ ಕೊಲೆಶಿಬಿರಕ್ಕೆ 19 ರೈಲು ಹೋದವು, ಸುಮಾರು 34,000 ಜನ. ಹೂವಿಡಲು ಅಲ್ಲಿ ಹೆಸರು ಕೆತ್ತಿದ ಕಲ್ಲಿರಲಿಲ್ಲ. ಎಲ್ಸ್ ಹತ್ತಿರ ಉಳಿದದ್ದು ಸೈಕಲ್ ಮಾತ್ರ. ಕಥೆ ಅದರ ಹತ್ತಿರವೇ ನಿಲ್ಲಲಿ.

ತಿದ್ದಿ ಮತ್ತೆ ಕಳಿಸಿ. ನಾಲ್ಕನೇ ಪುಟದ ಆ ಎರಡು ಸಾಲನ್ನು ಮಾತ್ರ ಮುಟ್ಟಬೇಡಿ.