ಕೆನಡಾ ಪಿಆರ್ (ಕಾಯಂ ವಾಸದ ಹಕ್ಕು) ಮಾಹಿತಿ ಸಭೆಗೆ ಹೋಗಲೇ? ಹೋದರೆ ಏನು ಕೇಳಲಿ?

ನೀವು ಕೇಳಿರುವುದು ಇಷ್ಟು: ವಯಸ್ಸು 29, ಎಂಟೆಕ್, ಬೆಂಗಳೂರಿನಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಕೆಲಸ, ಮದುವೆಯಾಗಿಲ್ಲ. ಈ ಭಾನುವಾರ ಹೋಟೆಲೊಂದರಲ್ಲಿ ‘ಉಚಿತ ಕೆನಡಾ ಪಿಆರ್ ಸೆಮಿನಾರ್’ ಇದೆ. ಮುಂದಿನ ವಾರ ಕೆನಡಾದ ಒಂದು ಪ್ರಾಂತ್ಯದ ಸರ್ಕಾರವೇ ಆನ್‌ಲೈನ್ ಮಾಹಿತಿ ಸಭೆ ಇಟ್ಟುಕೊಂಡಿದೆ. ಯಾವುದಕ್ಕೆ ಹೋಗಬೇಕು, ಅಲ್ಲಿ ಏನು ಕೇಳಬೇಕು?

ಪ್ರಾಂತ್ಯದ ಸಭೆಗೆ ಖಂಡಿತ ಕೂತುಕೊಳ್ಳಿ. ಹೋಟೆಲಿನದಕ್ಕೆ ಹೋಗುವುದಾದರೆ ಕ್ರೆಡಿಟ್ ಕಾರ್ಡ್ ಮನೆಯಲ್ಲಿಟ್ಟು ಹೋಗಿ. ಆದರೆ ಎರಡಕ್ಕೂ ಮೊದಲು ನಿಮ್ಮ ಅಂಕ ನೀವೇ ಲೆಕ್ಕ ಹಾಕಿಕೊಂಡಿರಬೇಕು. ಅಂಕ ಗೊತ್ತಿಲ್ಲದೆ ಹೋದವರಿಗೆ ವೇದಿಕೆಯ ಮೇಲೆ ಹೇಳಿದ್ದೆಲ್ಲ ತಮಗೇ ಹೇಳಿದ ಹಾಗೆ ಕೇಳಿಸುತ್ತದೆ.

ಎಕ್ಸ್‌ಪ್ರೆಸ್ ಎಂಟ್ರಿ ಅಂದರೆ ನುರಿತ ಕೆಲಸಗಾರರನ್ನು ಪಿಆರ್‌ಗೆ ಆರಿಸುವ ಕೆನಡಾ ಸರ್ಕಾರದ ಆನ್‌ಲೈನ್ ವ್ಯವಸ್ಥೆ. ಅದರಲ್ಲಿ ಸಿಆರ್‌ಎಸ್ ಅನ್ನುವ 1,200 ಅಂಕಗಳ ಲೆಕ್ಕವಿದೆ; ಆಗಾಗ ನಡೆಯುವ ಸುತ್ತುಗಳಲ್ಲಿ ಹೆಚ್ಚು ಅಂಕದವರಿಗೆ ಅರ್ಜಿ ಹಾಕಲು ಆಹ್ವಾನ ಹೋಗುತ್ತದೆ. ನಿಮ್ಮ ವಿವರ ಹಾಕಿ ನೋಡೋಣ. ವಯಸ್ಸು 29ಕ್ಕೆ 110. ಸ್ನಾತಕೋತ್ತರ ಪದವಿಗೆ 135. ಇಂಗ್ಲಿಷ್‌ನಲ್ಲಿ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 9 ಬಂದರೆ ನಾಲ್ಕು ವಿಭಾಗಕ್ಕೆ ತಲಾ 31ರಂತೆ 124. ಅಲ್ಲಿಗೆ 369 ಆಯಿತು. ಓದು, ಇಂಗ್ಲಿಷ್ ಎರಡೂ ಆ ಮಟ್ಟದಲ್ಲಿದ್ದರೆ ಇನ್ನೊಂದು 50. ಮೂರು ವರ್ಷಕ್ಕೆ ಕಡಿಮೆಯಿಲ್ಲದ ಹೊರದೇಶದ ಅನುಭವದ (ಅವರ ಲೆಕ್ಕದಲ್ಲಿ ಬೆಂಗಳೂರೇ ಹೊರದೇಶ) ಜೊತೆ ಅದೇ ಇಂಗ್ಲಿಷ್ ಇದ್ದರೆ ಮತ್ತೊಂದು 50. ಒಟ್ಟು 469.

ಈಗ ಇದೇ ಲೆಕ್ಕ ಎಲ್ಲಿ ಕುಸಿಯುತ್ತದೆ ನೋಡಿ. ಐಇಎಲ್‌ಟಿಎಸ್ ಜನರಲ್‌ನಲ್ಲಿ ಸಿಎಲ್‌ಬಿ 9 ಅಂದರೆ ಲಿಸನಿಂಗ್ 8, ಉಳಿದ ಮೂರರಲ್ಲೂ 7. ರೈಟಿಂಗ್ ಒಂದರಲ್ಲಿ 6.5 ಬಂತು ಅನ್ನಿ. ಆ ವಿಭಾಗದ 31 ಅಂಕ 23ಕ್ಕೆ ಇಳಿಯುತ್ತದೆ, ಹೋದದ್ದು ಬರೀ ಎಂಟು. ಆದರೆ ಮೇಲಿನ ಎರಡು 50ಗಳಿಗೂ ನಾಲ್ಕೂ ವಿಭಾಗ ಸಿಎಲ್‌ಬಿ 9 ಇರಲೇಬೇಕು ಅನ್ನುವ ಷರತ್ತಿದೆ, ಹಾಗಾಗಿ ಅವೂ 25, 25ಕ್ಕೆ ಇಳಿಯುತ್ತವೆ. ಒಟ್ಟು 411. ಅರ್ಧ ಬ್ಯಾಂಡಿಗೆ 58 ಅಂಕ ಹೋಯಿತು! ಬಹುಪಾಲು ಜನಕ್ಕೆ ಯಾವ ಕನ್ಸಲ್ಟೆಂಟ್‌ಗಿಂತ ರೈಟಿಂಗ್ ಮರುಪರೀಕ್ಷೆಯೇ ಹೆಚ್ಚು ಕೆಲಸ ಮಾಡುತ್ತದೆ ಅನ್ನುವುದು ಇದಕ್ಕೇ. ವಯಸ್ಸಿನದು ಇನ್ನೊಂದು: 30 ತುಂಬಿದ ದಿನ 110 ಹೋಗಿ 105, 31ಕ್ಕೆ 99, 35ಕ್ಕೆ 77. ‘ಮುಂದಿನ ವರ್ಷ ನೋಡೋಣ’ ಅನ್ನುವುದಕ್ಕೂ ಬೆಲೆಯಿದೆ.

469 ಒಳ್ಳೆಯ ಅಂಕವೇ. ಆದರೂ ಸಾಲದು. 2025ರಲ್ಲಿ ಎಲ್ಲ ಅಭ್ಯರ್ಥಿಗಳಿಗೂ ತೆರೆದ ಸಾಮಾನ್ಯ ಸುತ್ತು ಒಂದೂ ನಡೆಯಲಿಲ್ಲ. ಕೆನಡಾದಲ್ಲೇ ಕೆಲಸ ಮಾಡಿದವರಿಗೆ ನಡೆದ ಸುತ್ತುಗಳ ಕಟ್‌ಆಫ್ ಆ ವರ್ಷವಿಡೀ 500ರ ಮೇಲೇ ಇತ್ತು. ವೃತ್ತಿವಾರು ಸುತ್ತುಗಳು 2023ರಲ್ಲಿ ಶುರುವಾದಾಗ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್‌ಗಳೂ ಇದ್ದರು. 2025ರ ಫೆಬ್ರವರಿಯಲ್ಲಿ ಪಟ್ಟಿ ಬದಲಾದಾಗ ಅವರನ್ನು ಕೈಬಿಟ್ಟರು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಜಿನಿಯರ್‌ಗಳು, ಸೈಬರ್ ಸೆಕ್ಯುರಿಟಿಯವರು ಉಳಿದುಕೊಂಡರು. ಹೀಗಾಗಿ ನಿಮ್ಮ ಮುಂದೆ ಇರುವ ದಾರಿ ಎರಡು. ಒಂದು, ಪ್ರಾಂತ್ಯದ ನಾಮನಿರ್ದೇಶನ, ಅಂದರೆ ಒಂದು ಪ್ರಾಂತ್ಯವೇ ನಿಮ್ಮ ಹೆಸರನ್ನು ಸೂಚಿಸುವುದು. ಅದು ಸಿಕ್ಕರೆ 600 ಅಂಕ ಸೇರಿ ಮಾತೇ ಮುಗಿಯಿತು. ಇನ್ನೊಂದು ಫ್ರೆಂಚ್. 2025ರ ಮಾರ್ಚ್ 21ರ ಫ್ರೆಂಚ್ ಸುತ್ತಿನಲ್ಲಿ 379 ಅಂಕದವರಿಗೂ ಆಹ್ವಾನ ಹೋಯಿತು. ಆದರೆ ಟಿಇಎಫ್ ಅಥವಾ ಟಿಸಿಎಫ್ ಕೆನಡಾ ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ ಎನ್‌ಸಿಎಲ್‌ಸಿ (ಸಿಎಲ್‌ಬಿಯಂಥದ್ದೇ ಫ್ರೆಂಚ್ ಅಳತೆ) 7 ಬೇಕು. ಯುರೋಪಿನ ಭಾಷಾ ಅಳತೆಯಲ್ಲಿ ಸುಮಾರಾಗಿ ಬಿ2 ಮಟ್ಟ ಅದು. ವಾರಾಂತ್ಯದ ಕ್ಲಾಸಿಗೆ ಸೇರಿ ಆರು ತಿಂಗಳಲ್ಲಿ ದಕ್ಕುವಂಥದ್ದಲ್ಲ.

ನಿಮಗೆ ಪ್ರಾಂತ್ಯದ ಸಭೆಯೇ ಮುಖ್ಯ ಅಂದದ್ದು ಈ ಕಾರಣಕ್ಕೆ. ಅಲ್ಲಿ ಮಾತಾಡುವವರು ಆ ಕಾರ್ಯಕ್ರಮ ನಡೆಸುವ ಇಲಾಖೆಯವರೇ. ಮೊದಲರ್ಧ ಸ್ಲೈಡು, ಆಮೇಲೆ ಪ್ರಶ್ನೋತ್ತರ, ಪ್ರಶ್ನೆ ಚಾಟ್‌ನಲ್ಲಿ ಟೈಪ್ ಮಾಡಬೇಕು. ಸಾಮಾನ್ಯವಾಗಿ ನಡೆಯುವುದು ಹೀಗೆ. ಸಮಯ ನೋಡಿಕೊಳ್ಳಿ. ಸಸ್ಕಾಚೆವಾನ್ ಪ್ರಾಂತ್ಯದ ರೆಜಿನಾದಲ್ಲಿ ಬೆಳಿಗ್ಗೆ 10 ಅಂದರೆ ನಮಗೆ ರಾತ್ರಿ 9.30, ವರ್ಷಪೂರ್ತಿ ಅದೇ, ಯಾಕೆಂದರೆ ಸಸ್ಕಾಚೆವಾನ್ ಗಡಿಯಾರ ಹಿಂದೆಮುಂದೆ ಮಾಡುವುದಿಲ್ಲ. ನೋವಾ ಸ್ಕೋಷಿಯಾ ಪ್ರಾಂತ್ಯದ ಹ್ಯಾಲಿಫ್ಯಾಕ್ಸ್‌ನ ಮಧ್ಯಾಹ್ನ 2 ಗಂಟೆ ಬೇಸಿಗೆಯಲ್ಲಿ ನಮ್ಮ ರಾತ್ರಿ 10.30, ಚಳಿಗಾಲದಲ್ಲಿ 11.30. ಒಂದು ಗಂಟೆ ತಡವಾಗಿ ಲಾಗಿನ್ ಆಗಿ ‘ಲಿಂಕ್ ಕೆಲಸ ಮಾಡಲಿಲ್ಲ’ ಅನ್ನುವವರು ಪ್ರತಿ ಸಲವೂ ಇರುತ್ತಾರೆ.

ಅಧಿಕಾರಿಗಳು ಒಬ್ಬೊಬ್ಬರ ಅರ್ಜಿಯ ಬಗ್ಗೆ ಮಾತಾಡುವುದಿಲ್ಲ. ‘ನಾನು ಅರ್ಹನೇ?’ ಎಂದು ಕೇಳಿದರೆ ‘ವೆಬ್‌ಸೈಟ್ ನೋಡಿ’ ಅನ್ನುವ ಉತ್ತರವೇ ಗತಿ. ಅದನ್ನೇ ನಿಯಮದ ಪ್ರಶ್ನೆಯಾಗಿ ತಿರುಗಿಸಿ ಕೇಳಬೇಕು. ನಿಮ್ಮ ಸಂದರ್ಭಕ್ಕೆ (ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ಕೆನಡಾ ಕೊಟ್ಟಿರುವ ಉದ್ಯೋಗ ಸಂಕೇತ 21231) ಹೀಗೆ: ‘ಉದ್ಯೋಗ ಸಂಕೇತ 21231ರವರಿಗೆ ಈ ವಿಭಾಗ ಈಗ ತೆರೆದಿದೆಯೇ, ಈ ವರ್ಷದ ಕೋಟಾ ಉಳಿದಿದೆಯೇ? ಪ್ರಾಂತ್ಯದಲ್ಲಿ ಸಂಬಂಧಿಕರೂ ಇಲ್ಲ, ಉದ್ಯೋಗದ ಆಫರ್ರೂ ಇಲ್ಲ ಅನ್ನುವವರಿಗೆ ಯಾವುದಾದರೂ ವಿಭಾಗ ಉಂಟೇ? ಅನುಭವವನ್ನು ಅರ್ಜಿ ಹಾಕಿದ ದಿನಕ್ಕೆ ಎಣಿಸುತ್ತೀರೋ, ಆಹ್ವಾನ ಬಂದ ದಿನಕ್ಕೋ?’ ಎರಡೇ ಸಾಲು, ಒಂದು ಸಲಕ್ಕೆ ಒಂದು ಪ್ರಶ್ನೆ. ಮೊದಲೇ ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟುಕೊಂಡು ಅಂಟಿಸಿ. ಕೋಟಾದ ಪ್ರಶ್ನೆ ಮಾತ್ರ ಬಿಡಬೇಡಿ. 2024ರ ಅಕ್ಟೋಬರ್‌ನಲ್ಲಿ ಕೆನಡಾ ತನ್ನ 2025ರ ಒಟ್ಟು ಪಿಆರ್ ಗುರಿಯನ್ನು 5 ಲಕ್ಷದಿಂದ 3,95,000ಕ್ಕೆ ಇಳಿಸಿತು. ಪ್ರಾಂತ್ಯಗಳ ಪಾಲಿಗಂತೂ 1,20,000 ಎಂದಿದ್ದದ್ದು 55,000 ಆಯಿತು. ಕಾಗದದ ಮೇಲೆ ವಿಭಾಗ ಇರುತ್ತದೆ, ಸೀಟು ಇರುವುದಿಲ್ಲ.

ಮಾಹಿತಿ ಸಭೆ ಬೇರೆ, ನೇಮಕಾತಿ ಸಭೆ ಬೇರೆ. ನೋಂದಣಿ ಫಾರಂನಲ್ಲಿ ರೆಸ್ಯೂಮೆ, ಉದ್ಯೋಗ ಸಂಕೇತ, ಭಾಷಾ ಅಂಕ ಕೇಳಿದ್ದರೆ ಅದು ಎರಡನೆಯದು. ಅಂಥ ಫಾರಂ ಅರ್ಜಿಯಷ್ಟೇ ಗಂಭೀರ. ಮ್ಯಾನಿಟೋಬಾದಂಥ ಪ್ರಾಂತ್ಯ ತನ್ನ ನೇಮಕಾತಿ ಅಭಿಯಾನದಲ್ಲಿ ಸಂದರ್ಶನ ಮಾಡಿದವರಿಗೆ ನೇರ ಆಹ್ವಾನ ಕೊಡುವುದುಂಟು. ಸುಮ್ಮನೆ ತುಂಬಿಸಿ ಆಮೇಲೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಬೇರೆ ವಿವರ ಕೊಟ್ಟರೆ ತಪ್ಪು ಮಾಹಿತಿಯ ಆರೋಪ ಮೈಮೇಲೆ ಬರಬಹುದು. ಅದು ಸಾಬೀತಾದರೆ ಐದು ವರ್ಷ ಬಾಗಿಲು ಬಂದ್. ಅಟ್ಲಾಂಟಿಕ್ ವಲಸೆ ಕಾರ್ಯಕ್ರಮ, 2025ರಲ್ಲಿ 14 ಊರುಗಳಿಗೆ ಶುರುವಾದ ಗ್ರಾಮೀಣ ಸಮುದಾಯ ಪೈಲಟ್, ಇವೆರಡರ ಸಭೆಗಳಲ್ಲಿ ಕೇಳಬೇಕಾದದ್ದು ಒಂದೇ: ಮಾನ್ಯತೆ ಪಡೆದ ಉದ್ಯೋಗದಾತರ ಪಟ್ಟಿ ಎಲ್ಲಿದೆ? ಆ ಪಟ್ಟಿಯಲ್ಲಿರುವವರ ಆಫರ್ ಇಲ್ಲದೆ ಅಲ್ಲಿ ಮುಂದಿನ ಹೆಜ್ಜೆಯೇ ಇಲ್ಲ.

ಇನ್ನು ಭಾನುವಾರದ ಹೋಟೆಲು. ಎಲ್ಲ ಕನ್ಸಲ್ಟೆಂಟ್‌ಗಳೂ ಕಳ್ಳರಲ್ಲ. ಮಕ್ಕಳ ಸುಪರ್ದಿಯ ತಕರಾರು, ಹಳೆಯ ವೀಸಾ ತಿರಸ್ಕಾರ, ವೈದ್ಯಕೀಯ ತೊಡಕು ಇದ್ದವರಿಗೆ ಒಳ್ಳೆಯ ಪ್ರತಿನಿಧಿ ಬೇಕೇಬೇಕು. ನಿಮ್ಮಂಥ ಸರಳ ಕೇಸಿಗೆ ಬೇಕಿಲ್ಲ. ಕೆನಡಾ ಕಾನೂನಿನ ಪ್ರಕಾರ ದುಡ್ಡು ತೆಗೆದುಕೊಂಡು ವಲಸೆ ಸಲಹೆ ಕೊಡಬಹುದಾದವರು ಮೂರೇ ಬಗೆ: ಅಲ್ಲಿನ ವಲಸೆ ಸಲಹೆಗಾರರ ಕಾಲೇಜು ಎಂಬ ನಿಯಂತ್ರಣ ಸಂಸ್ಥೆಯ ಪರವಾನಗಿ ಇರುವವರು (ಆರ್‌ಸಿಐಸಿ), ಕೆನಡಾದ ಪ್ರಾಂತೀಯ ಲಾ ಸೊಸೈಟಿಗಳ ಸದಸ್ಯರು, ಕ್ಯೂಬೆಕ್‌ನ ನೋಟರಿಗಳು. ಇಲ್ಲಿನ ಹೈಕೋರ್ಟ್ ವಕೀಲರಾದರೂ ಆ ಪಟ್ಟಿಯಲ್ಲಿ ಬರುವುದಿಲ್ಲ. ಸಭೆಯಲ್ಲಿ ಎದ್ದು ನಿಂತು ಕೇಳಿ: ‘ನನ್ನ ಫೈಲ್ ನೋಡುವ ಆರ್‌ಸಿಐಸಿ ಯಾರು, ಅವರ ಪರವಾನಗಿ ಸಂಖ್ಯೆ ಏನು, ಪ್ರತಿನಿಧಿಯ ಫಾರಂ ಐಎಂಎಂ 5476ರಲ್ಲಿ ಅವರ ಹೆಸರೇ ಇರುತ್ತದೆಯೇ?’ ಸಂಖ್ಯೆ ಆರ್ ಅಕ್ಷರದಿಂದ ಶುರುವಾಗುತ್ತದೆ. ಕಾಲೇಜಿನ ಸಾರ್ವಜನಿಕ ರಿಜಿಸ್ಟರ್‌ನಲ್ಲಿ ಅಲ್ಲೇ ಫೋನಿನಲ್ಲಿ ಹುಡುಕಿ ನೋಡಿ. ‘ಫಾರಂ ನೀವೇ ಹಾಕಿದ ಹಾಗೆ ಹಾಕುತ್ತೇವೆ, ಬೇಗ ಆಗುತ್ತದೆ’ ಅಂದರೆ ಎದ್ದು ಬನ್ನಿ. ನಾಳೆ ಏನಾದರೂ ಎಡವಟ್ಟಾದರೆ ಕಾಗದದ ಮೇಲೆ ಇರುವುದು ನಿಮ್ಮ ಹೆಸರೊಂದೇ.

ಸ್ಲೈಡ್‌ಗಳು ಹಳಸಿವೆಯೇ ಎಂದು ಪತ್ತೆಹಚ್ಚುವುದು ಸುಲಭ. ಉದ್ಯೋಗದ ಆಫರ್‌ಗೆ 50 ಅಥವಾ 200 ಅಂಕ ಸಿಗುತ್ತದೆ ಅಂದರೆ ಅದು 2025ರ ಮಾರ್ಚ್ 25ರಂದೇ ಹೋಯಿತು. ವಿದ್ಯಾರ್ಥಿಗಳಿಗೆ ಬೇಗ ಪರವಾನಗಿ ಸಿಗುವ ಎಸ್‌ಡಿಎಸ್ ದಾರಿ ಅಂದರೆ ಅದು 2024ರ ನವೆಂಬರ್ 8ಕ್ಕೇ ಮುಚ್ಚಿದೆ. ‘67 ಅಂಕ ಬಂದರೆ ಪಿಆರ್’ ಅನ್ನುವುದು ಮೂಗಿಗೆ ತುಪ್ಪ ಸವರುವ ಹಳೆಯ ವರಸೆ. ಆ 67 ನೂರಕ್ಕೆ, ಅದು ಫೆಡರಲ್ ನುರಿತ ಕೆಲಸಗಾರರ ವಿಭಾಗಕ್ಕೆ ಕಾಲಿಡುವ ಅರ್ಹತೆ ಮಾತ್ರ. ಸಿಆರ್‌ಎಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಹಣದ ಮಾತು ಬಂದಾಗ ಸರ್ಕಾರಕ್ಕೆ ಹೋಗುವುದೆಷ್ಟು, ಕಂಪನಿಗೆಷ್ಟು ಎಂದು ಬಿಡಿಸಿ ಬರೆದುಕೊಡಲು ಹೇಳಿ. ಪ್ರೊಫೈಲ್ ತೆರೆಯುವುದಕ್ಕೆ ಒಂದು ಪೈಸೆಯೂ ಇಲ್ಲ. 2024ರ ಏಪ್ರಿಲ್ 30ರಂದು ನಿಗದಿಯಾದ ದರದಲ್ಲಿ ಅರ್ಜಿಗೆ 950, ಪಿಆರ್ ಹಕ್ಕಿನ ಶುಲ್ಕ 575, ಒಟ್ಟು 1,525 ಕೆನಡಿಯನ್ ಡಾಲರ್, ಬಯೋಮೆಟ್ರಿಕ್‌ಗೆ 85. ಎರಡು ವರ್ಷಕ್ಕೊಮ್ಮೆ ಈ ದರ ಏರುತ್ತದೆ, ಕಟ್ಟುವ ದಿನ ಐಆರ್‌ಸಿಸಿ (ಕೆನಡಾದ ವಲಸೆ ಇಲಾಖೆ) ಪುಟದಲ್ಲಿ ಮತ್ತೆ ನೋಡಿ. ಅದೂ ಆಹ್ವಾನ ಬಂದ ಮೇಲೆ ಕಟ್ಟುವಂಥದ್ದು. ಉದ್ಯೋಗವನ್ನೇ ಕೊಡಿಸುತ್ತೇವೆ ಅಂದರೆ ಅದು ನೇಮಕಾತಿ, ಅದಕ್ಕೆ 1983ರ ವಲಸೆ ಕಾಯ್ದೆಯಡಿ ಭಾರತ ಸರ್ಕಾರದ ನೋಂದಣಿ ಬೇಕು. ಇ-ಮೈಗ್ರೇಟ್ ತಾಣದಲ್ಲಿ ಹೆಸರು ಹುಡುಕಿ. ನೋಂದಾಯಿತ ಏಜೆಂಟರೂ ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ.

ಯಾವ ಸಭೆಯಲ್ಲೂ ಸಾಕಷ್ಟು ಹೇಳದೆ ಹಾರಿಸಿಬಿಡುವ ವಿಷಯ ಅನುಭವ ಪತ್ರ. ಬೆಂಗಳೂರಿನ ಕಂಪನಿಗಳ ಎಚ್‌ಆರ್ ಕೊಡುವುದು ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು, ಇಷ್ಟೇ. ಐಆರ್‌ಸಿಸಿಗೆ ಬೇಕಾದದ್ದು ಮಾಡುತ್ತಿದ್ದ ಕೆಲಸಗಳ ಪಟ್ಟಿ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಸವಲತ್ತು, ಕಂಪನಿಯ ಲೆಟರ್‌ಹೆಡ್, ಸಹಿ. ಆ ಕೆಲಸಗಳು ನೀವು ಆರಿಸಿದ ಉದ್ಯೋಗ ಸಂಕೇತಕ್ಕೆ ಹೊಂದಬೇಕು. ಹಾಗೆಂದು ಸರ್ಕಾರಿ ಪುಟದ ಸಾಲುಗಳನ್ನೇ ನಕಲು ಮಾಡಿದರೆ ಅಧಿಕಾರಿಗೆ ಅನುಮಾನ ಹುಟ್ಟುತ್ತದೆ. ಹಳೆಯ ಕಂಪನಿ ಈ ಪತ್ರ ಕೊಡಲು ತಿಂಗಳುಗಟ್ಟಲೆ ಅಲೆಸುತ್ತದೆ. ಆಹ್ವಾನ ಬಂದ ಮೇಲೆ ನಿಮಗಿರುವುದು 60 ದಿನ. ಹಾಗಾಗಿ ಪತ್ರಕ್ಕೆ ಈಗಲೇ ಇಮೇಲ್ ಹಾಕಿ. ಪದವಿ ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್‌ಗೂ ಇದೇ ಮಾತು. ಆ ವರದಿ ಐದು ವರ್ಷ ನಡೆಯುತ್ತದೆ, ಭಾಷಾ ಪರೀಕ್ಷೆಯ ಫಲಿತಾಂಶ ಎರಡೇ ವರ್ಷ.

ಹಣ ತೋರಿಸುವುದರಲ್ಲೂ ಎಡವುತ್ತಾರೆ. ಒಬ್ಬರಿಗೆ 2025ರ ಜುಲೈನ ಪಟ್ಟಿಯಂತೆ 15,263 ಡಾಲರ್ ಬೇಕು. ಬ್ಯಾಂಕ್ ಪತ್ರದಲ್ಲಿ ಆರು ತಿಂಗಳ ಸರಾಸರಿ ಬ್ಯಾಲೆನ್ಸ್, ಇರುವ ಸಾಲ ಎರಡೂ ಬರಬೇಕು. ಕಳೆದ ವಾರ ಮಾವನಿಂದ ಬಂದ ಕೈಗಡ ಅದರಲ್ಲಿ ಎದ್ದು ಕಾಣುತ್ತದೆ. ಮನೆ, ಸೈಟು, ಚಿನ್ನ ಲೆಕ್ಕಕ್ಕಿಲ್ಲ.

ಕೊನೆಗೂ ಕನ್ಸಲ್ಟೆಂಟ್‌ಗೇ ಕೊಡುವುದಾದರೆ ಸರ್ಕಾರ ಕಳಿಸುವ ಪ್ರತಿ ಸಂದೇಶದ ಪ್ರತಿ ನಿಮಗೂ ಬರಬೇಕು ಎಂದು ಒಪ್ಪಂದದಲ್ಲಿ ಬರೆಸಿ, ಅರ್ಜಿ ಸಲ್ಲಿಸುವ ಮುನ್ನ ಪೂರ್ತಿ ಪಿಡಿಎಫ್ ತರಿಸಿಕೊಂಡು ಸಾಲುಸಾಲಾಗಿ ಓದಿ. ಹುಟ್ಟಿದ ದಿನಾಂಕದಲ್ಲಿ ಒಂದು ಅಂಕಿ ತಪ್ಪಿದ್ದರೂ ಉತ್ತರ ಕೊಡಬೇಕಾದವರು ನೀವು.