ಮೂರು ಹಳದಿ ವೈರು ಏನು ಹೇಳುತ್ತವೆ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಗೊಬ್ಬರ, ಪೈಪು ಸಾಗಿಸೋಕೆ ಒಂದು ಸೆಕೆಂಡ್ ಹ್ಯಾಂಡ್ ಎಟಿವಿ (ದಪ್ಪ ಟೈರಿನ ನಾಲ್ಕು ಚಕ್ರದ ಚಿಕ್ಕ ಗಾಡಿ) ಇಟ್ಟುಕೊಂಡಿದ್ದೇವೆ. ಆರು ತಿಂಗಳಲ್ಲಿ ಎರಡು ಬ್ಯಾಟರಿ ಹಾಕಿಸಿದ್ದಾಯಿತು. ರಾತ್ರಿ ಚಾರ್ಜಿಗಿಟ್ಟರೆ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ಮಧ್ಯಾಹ್ನ ಸೆಲ್ಫ್ ಒತ್ತಿದರೆ ಬರೀ ಟಿಕ್ ಟಿಕ್. ಮೆಕ್ಯಾನಿಕ್ ಸ್ಟೇಟರ್ (ಎಂಜಿನ್ ಒಳಗೆ ಕರೆಂಟ್ ಹುಟ್ಟಿಸುವ ತಂತಿ ಸುರುಳಿ, ಅಂದರೆ ಕಾಯಿಲ್‌ಗಳ ಭಾಗ) ಹೋಗಿದೆ ಅಂತಾರೆ. ಬೆಲೆ ಕೇಳಿ ತಲೆ ತಿರುಗಿತು. ಹೋಗಿದೆಯಾ ಇಲ್ವಾ ಅಂತ ನಾವೇ ನೋಡಬಹುದಾ?

ಉತ್ತರ: ಧಾರಾಳವಾಗಿ. ಪಂಪ್‌ಸೆಟ್ ಇರುವ ಮನೆಯಲ್ಲಿ ಮಲ್ಟಿಮೀಟರ್ ಇದ್ದೇ ಇರುತ್ತದಲ್ವಾ, ಅದು ಸಾಕು.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಸುತ್ತಮುತ್ತ ಇರಬೇಕು. ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟರೆ ಸುಮಾರು 14ಕ್ಕೆ ಏರಬೇಕು. ಏರದೆ ಇಳಿಯುತ್ತಲೇ ಹೋದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ತಪ್ಪು ಸ್ಟೇಟರ್‌ದಲ್ಲ, ಆರ್‌ಆರ್ ಯೂನಿಟ್‌ದು (ರೆಗ್ಯುಲೇಟರ್-ರೆಕ್ಟಿಫೈಯರ್, ಸ್ಟೇಟರ್‌ನ ಎಸಿಯನ್ನು ಡಿಸಿ ಮಾಡಿ ವೋಲ್ಟ್ ಹತೋಟಿಯಲ್ಲಿಡುವ ಪೆಟ್ಟಿಗೆ).

ಎಂಜಿನ್ ಆಫ್ ಮಾಡಿ. ಎಂಜಿನ್‌ನಿಂದ ಆರ್‌ಆರ್ ಯೂನಿಟ್‌ಗೆ ಒಂದೇ ಬಣ್ಣದ ಮೂರು ವೈರು ಹೋಗಿರುತ್ತವೆ, ಹೆಚ್ಚಾಗಿ ಹಳದಿ. ಅವನ್ನು ಜೋಡಿಸುವ ಕಪ್ಲರ್ (ಪ್ಲಾಸ್ಟಿಕ್ ಕನೆಕ್ಟರ್) ಬಿಚ್ಚಿ, ಮೊದಲು ಅದನ್ನೇ ದಿಟ್ಟಿಸಿ ನೋಡಿ. ಒಂದು ಸಲ ನಾನು ಹೊಸ ಸ್ಟೇಟರ್ ತಂದು, ಅರ್ಧ ದಿನ ಕೂತು ಹಾಕಿ, ಆಮೇಲೆ ನೋಡಿದರೆ ಕಪ್ಲರ್‌ನ ಒಂದು ಪಿನ್ ಸುಟ್ಟು ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಹಳೇ ಸ್ಟೇಟರ್ ಚೆನ್ನಾಗೇ ಇತ್ತು!

ಮೀಟರನ್ನು ಓಮ್‌ಗೆ ಇಟ್ಟು ಎರಡು ಕಡ್ಡಿಯನ್ನೂ ಒಂದಕ್ಕೊಂದು ಮುಟ್ಟಿಸಿ, ಬಂದ ರೀಡಿಂಗ್ ನೆನಪಿಟ್ಟುಕೊಂಡು ಮುಂದಿನದರಲ್ಲಿ ಕಳೆಯಿರಿ. ಈಗ ಎಂಜಿನ್ ಕಡೆಯಿಂದ ಬಂದ ಮೂರು ವೈರನ್ನು ಒಂದು-ಎರಡು, ಎರಡು-ಮೂರು, ಒಂದು-ಮೂರು ಹೀಗೆ ಜೋಡಿ ಜೋಡಿಯಾಗಿ ಅಳೆಯಿರಿ. ಸಾಮಾನ್ಯವಾಗಿ ಒಂದು ಓಮ್‌ಗಿಂತ ಕಮ್ಮಿ ಬರುತ್ತದೆ, ಮೂರೂ ಒಂದೇ ಆಗಿರಬೇಕು. ಆಮೇಲೆ ಒಂದು ಕಡ್ಡಿ ಎಂಜಿನ್‌ನ ಲೋಹದ ಮೈಗೆ, ಇನ್ನೊಂದು ಪ್ರತಿ ವೈರಿಗೂ. ಇಲ್ಲಿ ಓಮ್ ಏನೂ ತೋರಿಸಬಾರದು, ಕಡ್ಡಿ ಎಲ್ಲಿಗೂ ಮುಟ್ಟಿಸದಿದ್ದಾಗ ಮೀಟರ್ ಹೇಗಿರುತ್ತದೋ ಹಾಗೇ ಇರಬೇಕು. ತೋರಿಸಿತೋ, ಕಾಯಿಲ್ ಎಂಜಿನ್ ಮೈಗೆ ಶಾರ್ಟ್ ಆಗಿದೆ, ಸ್ಟೇಟರ್ ಕಥೆ ಮುಗಿಯಿತು.

ಆದರೆ ಓಮ್ ಸರಿ ಬಂತು ಅಂತ ಸುಮ್ನೆ ಖುಷಿಪಡಬೇಡಿ. ತಂತಿ ದಪ್ಪ, ಸುತ್ತು ಕಮ್ಮಿ, ಹಾಗಾಗಿ ಒಳಗೆ ನಾಲ್ಕು ಸುತ್ತು ಒಂದಕ್ಕೊಂದು ಶಾರ್ಟ್ ಆಗಿದ್ದರೂ ಸಾದಾ ಮೀಟರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಕಪ್ಲರ್ ಬಿಚ್ಚಿಟ್ಟೇ ಗಾಡಿ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಅದೇ ಮೂರು ಜೋಡಿ ನೋಡಿ. ಐಡಲ್‌ನಲ್ಲಿ ಹದಿನೈದು ಇಪ್ಪತ್ತು ವೋಲ್ಟ್, ರೇಸ್ ಕೊಟ್ಟರೆ ಐವತ್ತು ದಾಟುವುದೂ ಉಂಟು, ಗಾಡಿಯಿಂದ ಗಾಡಿಗೆ ವ್ಯತ್ಯಾಸ ಇರುತ್ತದೆ. ಕಡ್ಡಿಯ ಲೋಹ ಮುಟ್ಟಬೇಡಿ. ಮೂರೂ ಜೋಡಿ ಸರಿಸಮ ಏರುತ್ತವಾ ಅನ್ನೋದೇ ಮುಖ್ಯ. ಎರಡು ಏರಿ ಒಂದು ಹಿಂದೆ ಬಿದ್ದರೆ ಮೆಕ್ಯಾನಿಕ್ ಹೇಳಿದ್ದು ನಿಜ. ತಣ್ಣಗಿದ್ದಾಗ ಸರಿ ಬಂದರೆ ಅರ್ಧ ಗಂಟೆ ತೋಟ ಸುತ್ತಿ ಬಂದು ಬಿಸಿಯಲ್ಲೇ ಇನ್ನೊಮ್ಮೆ ನೋಡಿ. ಕೆಲವು ಕಾಯಿಲ್ ಕಾದ ಮೇಲೇ ಕೈಕೊಡೋದು.

ಪ್ರಶ್ನೆ: ನನ್ನದು 150 ಸಿಸಿ ಚೀನಾ ಎಟಿವಿ. ಆನ್‌ಲೈನ್‌ನಲ್ಲಿ ನಾಲ್ಕು ತರಹದ ಸ್ಟೇಟರ್ ಇವೆ. ಯಾವುದು ನನ್ನದು?

ಉತ್ತರ: ಫೋಟೋ ನೋಡಿ ಆರ್ಡರ್ ಮಾಡಬೇಡಿ. ಹಳೆಯದನ್ನು ಬಿಚ್ಚಿ ಕಬ್ಬಿಣದ ಹಲ್ಲು ಎಷ್ಟಿವೆ ಎಣಿಸಿ, ಹೊರಗಿನ ಮತ್ತು ಒಳಗಿನ ಅಳತೆ, ದಪ್ಪ, ಬೋಲ್ಟ್ ತೂತಿನ ಅಂತರ, ಎಷ್ಟು ವೈರು, ಯಾವ ಕಪ್ಲರ್ ಎಲ್ಲ ಬರೆದುಕೊಳ್ಳಿ. ನಿಮ್ಮದರಲ್ಲಿ ಟೇಪ್ ಸುತ್ತಿದ ಒಂದು ಕಾಯಿಲ್ ಬೇರೆಯಾಗಿ ಕಂಡರೆ ಅದು ಇಗ್ನಿಷನ್‌ದು. ಅದರ ವೈರು ಸಾಮಾನ್ಯವಾಗಿ ಕಪ್ಪು-ಕೆಂಪು, ತಂತಿ ಕೂದಲಿನಷ್ಟು ಸಣ್ಣ, ಓಮ್ ನೂರಾರು ಬರುತ್ತದೆ. ಅದನ್ನು ನೋಡಿ ಹೆದರಬೇಡಿ. ಆ ಕಾಯಿಲ್ ಇಲ್ಲದ ಸ್ಟೇಟರ್ ತಂದರೆ ಸ್ಪಾರ್ಕೇ ಬರುವುದಿಲ್ಲ. ಸರಿಯಾದದ್ದು ಸಿಗದಿದ್ದರೆ ಒಳ್ಳೆ ವೈಂಡಿಂಗ್ ಅಂಗಡಿಗೆ ಕೊಡಿ, ಆದರೆ ಸುತ್ತಿನ ಲೆಕ್ಕ, ತಂತಿಯ ಗೇಜ್, ಸುತ್ತಿದ ದಿಕ್ಕು ಮೂರನ್ನೂ ಬರೆದಿಟ್ಟುಕೊಂಡ ಮೇಲೇ ಹಳೇ ತಂತಿ ಬಿಚ್ಚಲು ಹೇಳಿ.