ಎನ್‌ಎಸ್‌ಎ ಬಂಧನವಾದರೆ ಮನೆಯವರು ಏನು ಮಾಡಬೇಕು?

ಪ್ರಶ್ನೆ: ಜಿಲ್ಲಾಧಿಕಾರಿಗಳ ಆದೇಶದ ಮೇಲೆ ನನ್ನ ಅಣ್ಣನನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಜೈಲಿಗೆ ಕಳಿಸಿದ್ದಾರೆ. ನಾಲ್ಕು ದಿನವಾದರೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿಲ್ಲ. ಜಾಮೀನಿಗೆ ಎಲ್ಲಿ ಅರ್ಜಿ ಹಾಕಬೇಕು?

ಉತ್ತರ: ಇದಕ್ಕೆ ಜಾಮೀನಿಲ್ಲ. 24 ಗಂಟೆಯೊಳಗೆ ಹಾಜರುಪಡಿಸುವ ನಿಯಮವನ್ನೂ ಸಂವಿಧಾನದ 22(3)ನೇ ವಿಧಿ ಇಲ್ಲಿ ಕೈಬಿಟ್ಟಿದೆ. ಮಾಡಿದ ತಪ್ಪಿಗಲ್ಲ, ಮುಂದೆ ಮಾಡಬಹುದೆಂಬ ಶಂಕೆಗೆ ಒಳಗಿಡುವ ಕಾನೂನಿದು. ಶಾಂತಿಕಾಲಕ್ಕೂ ಇಂಥ ಅಧಿಕಾರವನ್ನು ಸಂವಿಧಾನದೊಳಗೇ ಬರೆದುಕೊಂಡ ಪ್ರಜಾಪ್ರಭುತ್ವಗಳು ವಿರಳ.

ಶಂಕೆ ಸರಿಯೇ ಎಂದು ಹೈಕೋರ್ಟ್ ಸಾಮಾನ್ಯವಾಗಿ ತೂಗುವುದಿಲ್ಲ. ಕಾಗದ ಮತ್ತು ತಾರೀಖು ನೋಡುತ್ತದೆ. ನೀವೂ ಅದನ್ನೇ ಹಿಡಿಯಿರಿ. ಬಂಧನದ ಕಾರಣಗಳನ್ನು ಸಾಮಾನ್ಯವಾಗಿ 5 ದಿನದೊಳಗೆ ತಿಳಿಸಬೇಕು, ಅಂದರೆ ನಾಳೆಯೊಳಗೆ. ಅದರಲ್ಲಿ ಹೆಸರಿಸಿ ಆಧರಿಸಿದ ದಾಖಲೆಗಳ ಪ್ರತಿಗಳೂ ಅವರಿಗೆ ಗೊತ್ತಿರುವ ಭಾಷೆಯಲ್ಲಿ ಸಿಗಬೇಕು. ಸಾಮಾನ್ಯವಾಗಿ 12 ದಿನದೊಳಗೆ ರಾಜ್ಯ ಸರ್ಕಾರ ಅನುಮೋದಿಸದಿದ್ದರೆ ಆದೇಶ ಬಿದ್ದುಹೋಗುತ್ತದೆ. 3 ವಾರದೊಳಗೆ ಕಡತ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ಪರಿಶೀಲಿಸುವ ಸಲಹಾ ಮಂಡಳಿಗೆ ಹೋಗಬೇಕು, ಬಂಧನದ ದಿನದಿಂದ 7 ವಾರದೊಳಗೆ ಅದರ ವರದಿ ಬರಬೇಕು. ಸಾಕಷ್ಟು ಕಾರಣವಿಲ್ಲವೆಂದು ಮಂಡಳಿ ಹೇಳಿದರೆ ಬಿಡಲೇಬೇಕು.

ಹೆಚ್ಚಿನವರು ಎಡವುವುದು ಬಂಧನದ ವಿರುದ್ಧ ಸಲ್ಲಿಸುವ ಮನವಿಯಲ್ಲಿ. ಮಂಡಳಿಗೊಂದು ಅರ್ಜಿ ಕೊಟ್ಟು ಸುಮ್ಮನಾಗುತ್ತಾರೆ. ಜಿಲ್ಲಾಧಿಕಾರಿಗೆ (ರಾಜ್ಯದ ಅನುಮೋದನೆಗೆ ಮುಂಚೆಯೇ), ರಾಜ್ಯ ಸರ್ಕಾರಕ್ಕೆ, ಕೇಂದ್ರಕ್ಕೆ ಬೇರೆಬೇರೆಯಾಗಿ, ಅಣ್ಣನ ಸಹಿಯೊಂದಿಗೆ ಜೈಲಿನ ಮೂಲಕ ಕಳಿಸಿ ಸ್ವೀಕೃತಿ ಪಡೆಯಿರಿ. ಮಂಡಳಿಯ ವರದಿ ಬರಲೆಂದು ಸರ್ಕಾರ ಮನವಿಯನ್ನು ಇಟ್ಟುಕೊಂಡು ಕೂರುವಂತಿಲ್ಲ. ವಿವರಣೆಯಿಲ್ಲದೆ ಕಡತ ಮೇಜಿನ ಮೇಲೆ ಕೊಳೆತ ಎಷ್ಟೋ ಪ್ರಕರಣಗಳಲ್ಲಿ ಬಂಧನ ರದ್ದಾಗಿದೆ.

ಮಂಡಳಿಯ ಮುಂದೆ ವಕೀಲರನ್ನು ಕರೆದೊಯ್ಯುವ ಹಕ್ಕಿಲ್ಲ. ಆದರೆ ಸರ್ಕಾರದ ಪರ ವಕೀಲರೋ ಕಾನೂನು ಸಲಹೆಗಾರರೋ ಬಂದರೆ ನಿಮ್ಮ ಕಡೆಯವರಿಗೂ ಅವಕಾಶ ಕೊಡಬೇಕೆಂದು ಎ.ಕೆ. ರಾಯ್ ಪ್ರಕರಣದಲ್ಲಿ (1982) ಸುಪ್ರೀಂ ಕೋರ್ಟ್ ಹೇಳಿದೆ.

ಕಾರಣಗಳನ್ನು ಓದುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಕೆಟ್ಟದ್ದು ಯಾರ ನೆಮ್ಮದಿ? ಇಬ್ಬರ ನಡುವಿನ ಹೊಡೆದಾಟ ‘ಕಾನೂನು ಸುವ್ಯವಸ್ಥೆ’ಯ ವಿಷಯ, ಈ ಬಂಧನಕ್ಕೆ ಅದು ಸಾಲದು; ಇಡೀ ಬಡಾವಣೆಯ ಜನಜೀವನ ಕದಡಿದರೆ ಮಾತ್ರ ‘ಸಾರ್ವಜನಿಕ ಸುವ್ಯವಸ್ಥೆ’ಯ ಮಾತು ಬರುತ್ತದೆ. ರಾಮಮನೋಹರ ಲೋಹಿಯಾ ಪ್ರಕರಣದಲ್ಲಿ (1966) ಎಳೆದ ಈ ಗೆರೆ ಇವತ್ತಿಗೂ ನಿಂತಿದೆ.

ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹಾಕುವ ಹೇಬಿಯಸ್ ಕಾರ್ಪಸ್ (ಅಕ್ರಮ ಬಂಧನದಿಂದ ಬಿಡಿಸಲು ಕೋರುವ) ಅರ್ಜಿಗೆ ಮಂಡಳಿಯ ವರದಿ ಕಾಯಬೇಕಿಲ್ಲ. ಆದೇಶ ರದ್ದಾದ ಮೇಲೂ ಕಾಗದಗಳನ್ನು ಇಟ್ಟುಕೊಳ್ಳಿ. ಹೊಸ ಸಂಗತಿಯಿಲ್ಲದೆ ಮತ್ತೊಂದು ಆದೇಶ ಬಂದರೆ, 12 ತಿಂಗಳ ಗರಿಷ್ಠ ಮಿತಿ ಲೆಕ್ಕವಾಗುವುದು ಮೊದಲ ಬಂಧನದ ದಿನದಿಂದಲೇ.